ಒಡಕು ಕೇಳಿಸಿಕೊಂಡ ಕಿವಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ಇಂದುಮತಿ ಮೇಡಂ. ಶತ್ರುವಿನ ಕ್ಷಿಪಣಿಯನ್ನು ಆಕಾಶದಲ್ಲೇ ತಡೆದು ಹೊಡೆಯುವ ಕ್ಷಿಪಣಿಯನ್ನು ಕಟ್ಟುವ ಸಂಸ್ಥೆಯೊಂದರಲ್ಲಿ ಅವರು ಪರೀಕ್ಷಾ ವಿಭಾಗದ ಮುಖ್ಯಸ್ಥೆ. ನಾನು ಅವರ ಕೈಕೆಳಗೆ ಹನ್ನೊಂದು ವರ್ಷದಿಂದ ಇರುವ ಇಂಜಿನಿಯರ್.

ಒಂದು ಮಂಗಳವಾರ ಊಟದ ಹೊತ್ತಿಗೆ ಅವರ ಕೋಣೆಗೆ ಹೋಗಿ ಕೇಳಿದೆ: “ಮೇಡಂ, ಅಳತೆ ಮಿತಿಯೊಳಗೇ ಇದ್ದರೂ ಮನಸ್ಸಿಗೆ ಬಂದ ಅನುಮಾನವನ್ನು ಬಾಯಿಬಿಟ್ಟು ಹೇಳಲೇಬೇಕೆ?”

“ಯಾರ ಪೆಟ್ಟಿಗೆಯ ಮೇಲೆ ಅನುಮಾನ?”

“ಶೈಲಜಾಳದು.”

“ಓಹೋ,” ಎಂದು ಅವರು ಊಟದ ಡಬ್ಬಿಗೆ ಮುಚ್ಚಳ ಹಾಕಿದರು.

ಅವರಿಗೆ ಗೊತ್ತಿತ್ತು. ಶೈಲಜಾ ಮತ್ತು ನಾನು ಒಂದೇ ದಿನ ಕೆಲಸಕ್ಕೆ ಸೇರಿದವರು, ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಈಗ ಅವಳು, ಕ್ಷಿಪಣಿಗೆ ಕಣ್ಣಾಗುವ ಪೆಟ್ಟಿಗೆಯನ್ನು ಕಟ್ಟುವ ತಂಡದ ನಾಯಕಿ. ಅವಳು ಕಟ್ಟಿದ್ದನ್ನು ಯಂತ್ರದ ಮೇಲಿಟ್ಟು ಅಲುಗಾಡಿಸಿ ನೋಡುವುದು ನನ್ನ ಕೆಲಸ. ಈ ಸಲ ಅಲುಗಾಡಿಸುವಾಗ ಗ್ರಾಫಿನ ಗೆರೆ ಕಣ್ಣೆವೆ ಬಡಿಯುವಷ್ಟು ಹೊತ್ತು ತಪ್ಪಿ, ಮತ್ತೆ ಸರಿಹೋಗಿತ್ತು. ನಿಯಮದ ಪ್ರಕಾರ ಪಾಸು. ನನ್ನ ಅನುಭವದ ಪ್ರಕಾರ ಅಲ್ಲ. ಆ ಹಾಳೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೆ. ಗುರುವಾರ ಉಡಾವಣೆ. ಶುಕ್ರವಾರದ ಪತ್ರಿಕೆಯಲ್ಲಿ ಅವಳ ಫೋಟೋ ಬರುವುದೂ ಬಾರದಿರುವುದೂ ಆ ಡ್ರಾಯರಿನಲ್ಲಿತ್ತು. ಹನ್ನೊಂದು ವರ್ಷದಲ್ಲಿ, ಬೀಗ ಹಾಕಿದ ಆ ರಾತ್ರಿಯಷ್ಟು ಸುಖವಾಗಿ ನಾನು ನಿದ್ದೆ ಮಾಡಿರಲಿಲ್ಲ.

ಮೇಡಂ ಹೇಳಿದರು:

“ಒಬ್ಬ ಕಮ್ಮಾರನಿದ್ದ. ಕೋಟೆಯ ಕಾವಲಿನವರಿಗೆ ಗುರಾಣಿ ಬಡಿಯುತ್ತಿದ್ದ. ಇನ್ನೊಬ್ಬನಿದ್ದ. ಬಡಿದ ಗುರಾಣಿಗೆ ಹಿಡಿ ಕೂರಿಸುವುದು ಅವನ ಕೆಲಸ. ಹಿಡಿ ಕೂರಿಸಿದ ಮೇಲೆ, ಮಡಕೆ ಕೊಳ್ಳುವವರು ತಟ್ಟಿ ನೋಡುತ್ತಾರಲ್ಲ, ಹಾಗೆ ಗುರಾಣಿಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ. ಒಡಕಿದ್ದರೆ ದನಿ ಬೇಗ ಸಾಯುತ್ತದೆ.

“ಹಿಡಿಯವನು ಇಪ್ಪತ್ತು ವರ್ಷ ತಟ್ಟಿದ. ಕಾವಲಿನವರು ಗುರಾಣಿಯನ್ನು ಎತ್ತಿ ಹಿಡಿದು, ‘ಎಂಥಾ ಕೆಲಸಗಾರನಪ್ಪಾ ಈ ಕಮ್ಮಾರ!’ ಎನ್ನುತ್ತಿದ್ದರು. ಹಾಗೆನ್ನುವಾಗ ಅವರ ಕೈ ಇರುತ್ತಿದ್ದುದು ಹಿಡಿಯ ಮೇಲೆ. ಅದನ್ನು ಗಮನಿಸಿದವನು ಅವನೊಬ್ಬನೇ.

“ಒಂದು ದಿನ ಹೆಬ್ಬಾಗಿಲ ಕಾವಲುಗಾರನ ಗುರಾಣಿ ಬಂತು. ತಟ್ಟಿದ. ದನಿ ಒಂದು ಕೂದಲೆಳೆಯಷ್ಟು ಬೇಗ ಸತ್ತಿತು. ಪಕ್ಕದಲ್ಲಿದ್ದ ಕಮ್ಮಾರ, ‘ಸರಿಯಿದೆಯೇನಯ್ಯಾ?’ ಎಂದ.

“‘ನೀನು ಬಡಿದದ್ದಲ್ಲವೇ!’ ಎಂದ ಹಿಡಿಯವನು.

“ಸುಳ್ಳನ್ನೂ ಹೇಳಲಿಲ್ಲ, ನೋಡು.

“ಶತ್ರುಗಳು ಬಂದರು. ಮೊದಲ ಏಟಿಗೇ ಗುರಾಣಿ ಎರಡು ಹೋಳಾಯಿತು. ಕಾವಲುಗಾರ ಸತ್ತ. ಕೋಟೆ ಹೇಗೋ ಉಳಿಯಿತು. ಕಮ್ಮಾರನನ್ನು ಸಭೆಯ ನಡುವೆ ನಿಲ್ಲಿಸಿದರು. ಅವನು ತಲೆ ತಗ್ಗಿಸಿ, ‘ತಪ್ಪು ನನ್ನದೇ’ ಎಂದು ಅತ್ತ. ಹಿಡಿಯವನು ಗುಂಪಿನಲ್ಲಿ ನಿಂತು ನೋಡುತ್ತಿದ್ದ. ಇಪ್ಪತ್ತು ವರ್ಷ ಕಾದಿದ್ದ ದಿನ.

“ಮುದಿ ದಳವಾಯಿ ಗುರಾಣಿಯ ಹೋಳನ್ನು ತಿರುಗಿಸಿ ನೋಡಿದ. ‘ಅಳಬೇಡಯ್ಯಾ. ಕೂದಲಿನಂಥ ಒಡಕು ಇದು. ಇದನ್ನು ಕೇಳಿಸಿಕೊಳ್ಳುವ ಕಿವಿ ಈ ರಾಜ್ಯದಲ್ಲೇ ಇಲ್ಲ.’

“ಹಿಡಿಯವನಿಗೆ ತಡೆಯಲಾಗಲಿಲ್ಲ. ‘ಯಾಕಿಲ್ಲ? ನನಗೆ ಅವತ್ತೇ ಕೇಳಿಸಿತ್ತು!’ ಎಂದ.

“ಇಡೀ ಸಭೆ ಅವನತ್ತ ತಿರುಗಿ ನೋಡಿತು. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.”

ಮೇಡಂ ಡಬ್ಬಿಯನ್ನು ಚೀಲದೊಳಗಿಟ್ಟರು.

“ಆಮೇಲೆ?” ಎಂದೆ.

“ಆಮೇಲೇನು, ಅವನ ಹೆಸರು ಊರಿಗೆಲ್ಲ ಗೊತ್ತಾಯಿತು.”

ನಾನು ನಗಲು ನೋಡಿದೆ. “ಚೆನ್ನಾಗಿದೆ ಮೇಡಂ, ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳಬೇಕಾದ ಕತೆ,” ಎನ್ನುತ್ತ ಎದ್ದೆ.

“ಹೇಳು, ಖಂಡಿತ ಹೇಳು, ಕತೆಯನ್ನು ನಿಧಾನವಾಗಿ ದಾಟಿಸಿದರೂ ನಡೆಯುತ್ತದೆ ರೇವತಿ. ಡ್ರಾಯರಿನಲ್ಲಿರುವುದನ್ನು ಮಾತ್ರ ಇವತ್ತೇ ದಾಟಿಸು.”

ಡ್ರಾಯರಿನ ವಿಷಯವನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.