ಹೀಚಿಗೆ ಬೆರಳು ತೋರಿದವಳು

"ತಿಳಿಯದೆ ಮಾಡಿದ ತಪ್ಪಿಗೆ ದೋಷವಿಲ್ಲ ಎನ್ನುತ್ತಾರೆ. ನಿಜವೇ, ಗುರುಗಳೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಮಠದ ಕೈತೋಟದಲ್ಲಿ ಕಳೆ ಕೀಳುತ್ತಿದ್ದರು. ತಲೆ ಎತ್ತದೆ, "ಯಾರು ಹಾಗೆನ್ನುತ್ತಾರೆ?" ಎಂದರು.

"ಎಲ್ಲರೂ ಎನ್ನುತ್ತಾರೆ."

"ತಪ್ಪು ಮಾಡಿದವರೋ, ಆ ತಪ್ಪನ್ನು ಅನುಭವಿಸಿದವರೋ?"

ಶಿಷ್ಯ ಸ್ವಲ್ಪ ಯೋಚಿಸಿ, "ಮಾಡಿದವರು" ಎಂದ.

ಗುರುಗಳು ಕೈಯ ಮಣ್ಣು ಕೊಡವಿಕೊಂಡು ಬದುವಿನ ಮೇಲೆ ಕುಳಿತರು. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನ ಮನೆಯ ಹಿತ್ತಲು ದೊಡ್ಡದು. ಬದನೆ, ಮೆಣಸು, ಅವರೆ, ಹೀರೆ ಎಲ್ಲ ಬೆಳೆಯುತ್ತಿದ್ದ. ಆದರೆ ಮನೆಗೆ ಹೆಸರು ತಂದದ್ದು ಸಿಹಿಗುಂಬಳ. ಮನೆಯಲ್ಲಿ ಮೂವರು: ರೈತ, ಅವನ ತಾಯಿ, ಅವನ ಹೆಂಡತಿ. ರೈತನಿಗೂ ತಾಯಿಗೂ ಈ ಕತೆಯಲ್ಲಿ ಹೆಸರು ಬೇಡ. ಹೆಂಡತಿಯನ್ನು ಊರು ಏನೇನೋ ಹೆಸರಿನಿಂದ ಕರೆಯಿತು. ಆದ್ದರಿಂದ ಅವಳ ನಿಜವಾದ ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ಹೊನ್ನವ್ವ.

ಹೊನ್ನವ್ವನಿಗೆ ಒಂದು ಹೆಣ್ಣು ಮಗು ಹುಟ್ಟಿತು. ಹೆಸರಿಡುವ ಮೊದಲೇ ತೀರಿಕೊಂಡಿತು. ಅಷ್ಟು ಚಿಕ್ಕ ಮಕ್ಕಳನ್ನು ಸುಡುಗಾಡಿಗೆ ಒಯ್ಯುವ ರೂಢಿ ಆ ಊರಿನಲ್ಲಿ ಇರಲಿಲ್ಲ. ಹಿತ್ತಲ ಮೂಲೆಯಲ್ಲಿ, ನುಗ್ಗೆ ಮರದ ಕೆಳಗೆ ಹೂಳಿದರು. ಹೊನ್ನವ್ವ ಬೆಳಗ್ಗೆ ಹಿತ್ತಲಿಗೆ ಹೋದಾಗ ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ಕೂರುವಳು. ಆಮೇಲೆ ಎದ್ದು ಪಾತಿಗಳಿಗೆ ನೀರು ಹಾಯಿಸುವಳು. ಅವಳು ಯಾರಿಗೂ ಏನೂ ಹೇಳುತ್ತಿರಲಿಲ್ಲ. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ.

ಆ ವರ್ಷ ತರಕಾರಿ ಕೊಳ್ಳಲು ಬಂದ ವ್ಯಾಪಾರಿಯೊಬ್ಬ ಕುಂಬಳದ ಬಳ್ಳಿಯ ಮುಂದೆ ನಿಂತ. ಕುಂಬಳದ ಬಳ್ಳಿಯಲ್ಲಿ ಎರಡು ಬಗೆಯ ಹೂ ಬಿಡುತ್ತವೆ. ಒಂದರ ಬುಡದಲ್ಲಿ ಪುಟ್ಟ ಕಾಯಿಯಂಥ ಉಬ್ಬು ಇರುತ್ತದೆ. ಅದೇ ಹೀಚು. ಇನ್ನೊಂದು ಬರಿಯ ಉದ್ದ ತೊಟ್ಟಿನ ಮೇಲೆ ನಿಂತಿರುತ್ತದೆ. ವ್ಯಾಪಾರಿ ಈ ಎರಡನೆಯದನ್ನು ಹಿಡಿದು ರೈತನ ತಾಯಿಗೆ ಹೇಳಿದ:

"ದೊಡ್ಡವ್ವ, ಇವೆಲ್ಲ ಬಂಜೆ ಹೂ. ಕಾಯಿ ಕೊಡೋದಿಲ್ಲ, ಸುಮ್ಮನೆ ಬಳ್ಳಿಯ ಸಾರ ಹೀರ್ತವೆ. ಬೆಳಗ್ಗೆ ಎದ್ದ ಕೂಡಲೇ ಕಿತ್ತುಬಿಡು. ಆಮೇಲೆ ಕಾಯಿ ಹೇಗೆ ಊದ್ತವೆ ನೋಡು."

"ಕೂತು ಉಣ್ಣೋರನ್ನ ಮನೆಯೊಳಗೆ ಸಾಕಿ ಸಾಕಾಗಿದೆಯಪ್ಪ. ಬಳ್ಳಿಯಲ್ಲೂ ಸಾಕಬೇಕಾ?" ಎಂದು ಮುದುಕಿ ನಕ್ಕಳು.

ಹೊನ್ನವ್ವ ಅಲ್ಲೇ ಬಾವಿಯಿಂದ ನೀರು ಸೇದುತ್ತಿದ್ದಳು. ಕೊಡ ತುಂಬಿಕೊಂಡು ಒಳಗೆ ಹೋದಳು.

ಮರುದಿನದಿಂದ ಮುದುಕಿ ಬೆಳಕು ಹರಿಯುತ್ತಿದ್ದಂತೆ ಹಿತ್ತಲಿಗೆ ಹೋಗಿ, ಜೇನುನೊಣ ಬರುವ ಮೊದಲೇ, ಹೀಚಿಲ್ಲದ ಹೂಗಳನ್ನೆಲ್ಲ ಕೀಳತೊಡಗಿದಳು. ಕೆಲವು ದೇವರಿಗೆ, ಉಳಿದವು ಪಲ್ಯಕ್ಕೆ. ಒಂದನ್ನೂ ಬಿಡುತ್ತಿರಲಿಲ್ಲ. ಕೆಲಸದಲ್ಲಿ ಬಹಳ ಅಚ್ಚುಕಟ್ಟಿನವಳು.

ಹೀಚು ಹೀಚಾಗಿಯೇ ಉಳಿಯಿತು. ತುದಿಯಿಂದ ಹಳದಿಯಾಯಿತು, ಮೆತ್ತಗಾಯಿತು, ಉದುರಿತು. ಅದರ ಮುಂದಿನದೂ ಉದುರಿತು.

ಮನೆಯವರು ಸುಮ್ಮನೆ ಕೂರಲಿಲ್ಲ. ಬೂದಿ ಎರಚಿದರು. ಬೇವಿನ ಕಷಾಯ ಚಿಮುಕಿಸಿದರು. ಬುಡಕ್ಕೆ ಹುಳಿ ಮಜ್ಜಿಗೆ ಹೊಯ್ದರು. ನೀರು ಹೆಚ್ಚಾಯಿತೆಂದು ಕಡಿಮೆ ಮಾಡಿದರು, ಕಡಿಮೆಯಾಯಿತೆಂದು ಹೆಚ್ಚು ಮಾಡಿದರು. ನೊಣ ಕುಟುಕಿರಬಹುದೆಂದು ಹೀಚುಗಳಿಗೆ ಬಟ್ಟೆ ಕಟ್ಟಿದರು. ಇದರಲ್ಲಿ ತಪ್ಪೇನೂ ಇಲ್ಲ. ಗಿಡಕ್ಕೆ ಕಷ್ಟ ಬಂದಾಗ ಇವನ್ನೆಲ್ಲ ಮಾಡಿ ನೋಡಬೇಕು. ನಾನೂ ಮಾಡುತ್ತೇನೆ. ಗೊತ್ತಿಲ್ಲದವನು ತಡಕಾಡುವುದು ನಾಚಿಕೆಯ ವಿಷಯವಲ್ಲ. ನಾಚಿಕೆಯ ವಿಷಯ ಇನ್ನು ಮುಂದಿದೆ. ಮದ್ದು ಮುಗಿದ ಮೇಲೆ ಅವರು ಮನುಷ್ಯರನ್ನು ಹುಡುಕತೊಡಗಿದರು.

ಆ ಊರಿನಲ್ಲಿ ಒಂದು ನಂಬಿಕೆ ಇತ್ತು. ಕುಂಬಳದ ಹೀಚಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ ಎಂದು. ತೋರಿಸಲೇಬೇಕಾದರೆ ಬೆರಳನ್ನು ಮಡಚಿ ಗೆಣ್ಣಿನಿಂದ ತೋರಿಸಬೇಕು. ಮರೆತು ತೋರಿಸಿದ ಮಕ್ಕಳು ಹತ್ತು ಬೆರಳನ್ನೂ ಕಚ್ಚಿಕೊಂಡು ದೋಷ ಕಳೆದುಕೊಳ್ಳುತ್ತಿದ್ದರು. ಮಕ್ಕಳಿಗೆ ಅದೊಂದು ಆಟ.

ಒಂದು ಬೆಳಗ್ಗೆ ನೆರೆಮನೆಯ ಹೆಂಗಸು ಬೇಲಿಯಾಚೆಯಿಂದ ನೋಡಿದಳು. ಎಲೆಯ ಮರೆಯಲ್ಲಿ ಹೊಸದೊಂದು ಹೀಚು ಬಿಟ್ಟಿತ್ತು. ಹೊನ್ನವ್ವ ಅದನ್ನು ಅತ್ತೆಗೆ ತೋರಿಸುತ್ತಿದ್ದಳು. ಮಗು ತೀರಿಕೊಂಡ ಮೇಲೆ ಅವಳು ಯಾವುದಕ್ಕಾದರೂ ಸಂತೋಷಪಟ್ಟದ್ದು ಅದೇ ಮೊದಲು. ಮೂರನೆಯ ದಿನ ಆ ಹೀಚೂ ಉದುರಿತು.

ನೆರೆಯವಳು ಊರ ಬಾವಿಕಟ್ಟೆಯಲ್ಲಿ, ಎಲ್ಲರೂ ಇದ್ದಾಗ, ಹೇಳಿದಳು: "ನಾನು ಕಣ್ಣಾರೆ ಕಂಡೆ. ಬೆರಳು ಚಾಚಿ ತೋರಿಸಿದಳು."

"ಇಲ್ಲಕ್ಕ. ಬೆರಳು ಮಡಚಿಯೇ ತೋರಿಸಿದೆ" ಎಂದಳು ಹೊನ್ನವ್ವ.

"ಬೆರಳೇನೋ ಮಡಚಿದೆ ತಾಯಿ. ಕಣ್ಣು ಮಡಚಿದೆಯಾ?"

ಬಾವಿಕಟ್ಟೆ ನಕ್ಕಿತು. ಚೆನ್ನಾಗಿ ಆಡಿದ ಮಾತು ಅದು. ಸಂಜೆಯೊಳಗೆ ಊರೆಲ್ಲ ಆಡಿಕೊಂಡಿತು. ಸುಳ್ಳಿಗೆ ಕಾಲು ಬೇಕಿಲ್ಲ, ಒಂದು ಒಳ್ಳೆಯ ನಗು ಸಾಕು.

ಅಲ್ಲಿಂದ ಮುಂದೆ ಊರಿನ ಹಿತ್ತಲುಗಳಲ್ಲಿ ಏನಾದರೂ ಅದಕ್ಕೆ ಹೊನ್ನವ್ವನೇ ಕಾರಣ. ಒಬ್ಬರ ಮೆಣಸಿನ ಗಿಡದ ಎಲೆ ಮುದುಡಿತು. ಹೊನ್ನವ್ವ ಆ ಬೀದಿಯಲ್ಲಿ ಹೋಗಿದ್ದಳಂತೆ. ಇನ್ನೊಬ್ಬರ ಅವರೆಗೆ ಹೇನು ಹತ್ತಿತು. ಅವಳು ಆ ಮನೆಯಿಂದ ಕೆಂಡ ಕೇಳಿ ಒಯ್ದಿದ್ದಳಂತೆ. ಬದನೆಕಾಯಿ ಹೆಚ್ಚಿದರೆ ಹುಳ ಬಂತು. ಅದಕ್ಕೂ ಅವಳೇ. ಆ ಊರಿನ ಬದನೆಯಲ್ಲಿ ಅವಳು ಹುಟ್ಟುವ ಮೊದಲೂ ಹುಳವಿತ್ತು. ಆಗ ಅದು ಬರಿಯ ಹುಳವಾಗಿತ್ತು.

ಮುದುಕಿ ಜಾಲಿ ಮುಳ್ಳಿನ ಕೊಂಬೆಯೊಂದನ್ನು ತರಿಸಿ ಹಿತ್ತಲ ಬಾಗಿಲಿಗೆ ಅಡ್ಡ ಇಟ್ಟಳು. ತಾನು ಹೋಗುವಾಗ ಕೋಲಿನಿಂದ ಸರಿಸುವಳು, ಬಂದ ಮೇಲೆ ಮತ್ತೆ ಎಳೆದಿಡುವಳು.

ಹೊನ್ನವ್ವ ಅತ್ತೆಯ ಮುಂದೆ ನಿಂತು ಹೇಳಿದಳು: "ಅತ್ತೆ, ಬಳ್ಳಿಯ ಕಡೆ ತಿರುಗಿಯೂ ನೋಡೋದಿಲ್ಲ. ಬೇಕಾದರೆ ಸೆರಗು ಮುಖದ ಮೇಲೆ ಎಳ್ಕೊಂಡು ಹೋಗ್ತೀನಿ. ಆ ಮೂಲೆಗೆ ಹೋಗಿ ಬಂದುಬಿಡ್ತೀನಿ."

"ಅಲ್ಲೇನಿದೆ ಈಗ? ಮಣ್ಣು" ಎಂದಳು ಮುದುಕಿ.

ಅವಳು ಗಂಡನ ಬಳಿಗೆ ಹೋದಳು. "ನೀವೂ ಹಾಗೇ ಅಂದ್ಕೊಂಡಿದ್ದೀರಾ?" ಎಂದು ಕೇಳಿದಳು.

"ನಾನೇನೂ ಅಂದ್ಕೊಂಡಿಲ್ಲ. ಊರು ಅನ್ನುತ್ತೆ. ಕಾಯಿ ನಿಲ್ಲೋ ತನಕ ಸುಮ್ನಿರು" ಎಂದ ರೈತ.

ಈ ಮಾತನ್ನು ನಿಧಾನವಾಗಿ ಕೇಳಿಸಿಕೋ. ಅವನು ಕೆಟ್ಟವನಲ್ಲ. ಹೆಂಡತಿಗೆ ಕೈ ಎತ್ತಿದವನಲ್ಲ. ಆ ಮಗುವನ್ನು ಹೂಳಲು ಗುಂಡಿ ತೋಡಿದವನು ಅವನೇ. ಅವನು ಒಮ್ಮೆ ಬಾಗಿ ಆ ಕೊಂಬೆಯನ್ನು ಎಳೆದು ಬೀದಿಗೆ ಎಸೆದಿದ್ದರೆ ಆಗುತ್ತಿತ್ತು. ಏನೂ ಅಂದುಕೊಳ್ಳದೆ ಇರುವುದು ಅವನಿಗೆ ಅದಕ್ಕಿಂತ ಸುಲಭವಾಗಿತ್ತು.

ಮುಳ್ಳು ಇಟ್ಟ ಮೇಲೂ ಹೀಚು ಉದುರಿತು. ಆಗಲಾದರೂ ಅವರಿಗೆ ತಿಳಿಯಬೇಕಿತ್ತು. ಆದರೆ ಅವರು, ಮುಳ್ಳು ಮೈಯನ್ನು ತಡೆಯುತ್ತದೆ, ದೃಷ್ಟಿಯನ್ನು ತಡೆಯುತ್ತದೆಯೇ ಎಂದರು. ಅವಳನ್ನು ತವರಿಗೆ ಕಳುಹಿಸಿದರು. ಹೊನ್ನವ್ವ ಹೊರಡುವ ಮುನ್ನ ಬಾಗಿಲ ಬಳಿ ಬಂದು, ಮುಳ್ಳಿನ ಈಚೆ ನಿಂತು, ನುಗ್ಗೆ ಮರದ ಕಡೆ ನೋಡಿದಳು. ನೋಡಿದ್ದಕ್ಕೂ ಮುದುಕಿ ಬೈದಳು.

ಅವಳು ಹೋದ ವಾರದಲ್ಲಿ ಮುದುಕಿ ಒಗೆಯುವ ಕಲ್ಲಿನ ಬಳಿ ಜಾರಿ ಬಿದ್ದಳು. ಕಾಲು ಉಳುಕಿ ಮಂಚ ಹಿಡಿದಳು. ಹೂ ಕೀಳುವವರು ಯಾರೂ ಇರಲಿಲ್ಲ. ಉದ್ದ ತೊಟ್ಟಿನ ಹೂಗಳು ಬಳ್ಳಿಯ ತುಂಬ ಅರಳಿ ನಿಂತವು. ಜೇನುನೊಣ ಬಂದವು. ಒಂದು ಹೂವಿನಿಂದ ಇನ್ನೊಂದಕ್ಕೆ ಹೋದವು. ಹೀಚು ನಿಂತಿತು.

ಊರು ಏನೆಂದಿತು, ಊಹಿಸಬಲ್ಲೆಯಾ? "ಅವಳು ಹೋದಳು, ಕಾಯಿ ನಿಂತಿತು" ಎಂದಿತು. ಬೆರಳು ಮಡಚಿದ್ದಳೋ ಏನೋ ಎಂದು ಅನುಮಾನವಿದ್ದ ಒಬ್ಬಿಬ್ಬರೂ ಆ ದಿನ ಅನುಮಾನ ಬಿಟ್ಟರು.

ಮುದುಕಿಯ ಕಾಲು ವಾಸಿಯಾಯಿತು. ಮತ್ತೆ ಬೆಳಗ್ಗೆ ಎದ್ದು ಹೂ ಕಿತ್ತಳು. ಮತ್ತೆ ಹೀಚು ಉದುರಿತು. ಹೊನ್ನವ್ವ ಈಗ ಎರಡು ಊರು ಆಚೆ ಇದ್ದಳು. ದೂರಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದಾಗ ರೈತ ಮೊದಲ ಬಾರಿಗೆ ಬಳ್ಳಿಯನ್ನು ನೋಡಿದ. ದಡ್ಡನಲ್ಲ ಅವನು. ಒಂದು ವಾರ ಹೂ ಕೀಳಬೇಡವೆಂದು ತಾಯಿಗೆ ಹೇಳಿದ. ಕಾಯಿ ಕಚ್ಚಿತು. ಮುಂದಿನ ವಾರ ಮತ್ತೆ ಕೀಳಿಸಿದ, ಕಚ್ಚಲಿಲ್ಲ. ಅವನಿಗೆ ಅರ್ಥವಾಯಿತು. ಹೀಚಿಲ್ಲದ ಹೂ ಗಂಡು ಹೂ. ಅದರ ಧೂಳು ಬೀಳದೆ ಹೀಚು ಕಾಯಾಗುವುದಿಲ್ಲ. ಬಂಜೆಯೆಂದು ಕಿತ್ತು ಪಲ್ಯ ಮಾಡಿ ತಿಂದದ್ದು ಬಳ್ಳಿಯ ಫಲವನ್ನೇ.

"ಅವ್ವ, ಇನ್ನು ಹೂ ಕೀಳಬೇಡ" ಎಂದ.

"ಹೌದಾ? ಆಯ್ತು ಬಿಡು. ತಿಳೀಲಿಲ್ಲ" ಎಂದಳು ಮುದುಕಿ.

ವ್ಯಾಪಾರಿ ಬಂದಾಗ ಅವನಿಗೂ ಹೇಳಿದರು. "ಅಯ್ಯೋ, ನಮ್ಮ ಕಡೆ ಹಾಗಂತಿದ್ರು. ತಿಳೀದೆ ಹೇಳಿದೆ" ಎಂದು ಅವನು ನಕ್ಕ. ಬೇಲಿಯಾಚೆಯಿಂದ ನೆರೆಯವಳು, "ನಮಗಾದರೂ ಏನು ಗೊತ್ತಿತ್ತು" ಎಂದಳು. ಎಲ್ಲರ ಮನಸ್ಸೂ ಹಗುರವಾಯಿತು. ಬಳ್ಳಿಗೆ ಆದ ತಪ್ಪನ್ನು ಒಂದೇ ದಿನದಲ್ಲಿ ತಿದ್ದಿಕೊಂಡರು. ಊರಿನ ಹಿತ್ತಲುಗಳಲ್ಲೆಲ್ಲ ಗಂಡು ಹೂವಿಗೆ ಮರ್ಯಾದೆ ಬಂತು. ಹೊನ್ನವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ಯಾರನ್ನು ತಡೆಯಲು ಎಂದು ತನ್ನನ್ನೇ ಕೇಳಿಕೊಳ್ಳದೆ ಮುದುಕಿ ಮುಳ್ಳಿನ ಕೊಂಬೆಯನ್ನು ದಿನವೂ ಸರಿಸಿದಳು, ದಿನವೂ ಎಳೆದಿಟ್ಟಳು.

ಕಾಯಿ ಬಲಿತ ಮೇಲೆ ರೈತ ಎಲ್ಲಕ್ಕಿಂತ ದೊಡ್ಡ ಕುಂಬಳವೊಂದನ್ನು ಹೆಗಲ ಮೇಲೆ ಹೊತ್ತು ಹೆಂಡತಿಯ ತವರಿಗೆ ಹೋದ. ಅವಳ ಮುಂದೆ ಇಳಿಸಿದ. ಗಂಡು ಹೂವಿನ ಸಂಗತಿಯನ್ನು ಬಿಡಿಸಿ ಹೇಳಿದ. ಅದನ್ನು ತಾನೇ ಕಂಡುಹಿಡಿದದ್ದೆಂಬ ಸಣ್ಣ ಹೆಮ್ಮೆಯೂ ಅವನ ದನಿಯಲ್ಲಿತ್ತು. "ತಿಳೀದೆ ಆಯ್ತು ಹೊನ್ನಿ. ನಡಿ, ಹೋಗೋಣ" ಎಂದ.

ಹೊನ್ನವ್ವ ಕುಂಬಳವನ್ನು ನೋಡಲಿಲ್ಲ. "ಬಾಗಿಲಿಗೆ ಇಟ್ಟ ಮುಳ್ಳು ತೆಗೆದಿರಾ?" ಎಂದು ಕೇಳಿದಳು.

ರೈತನಿಗೆ ಆ ಯೋಚನೆಯೇ ಬಂದಿರಲಿಲ್ಲ.

"ತೆಗೆದ ಮೇಲೆ ಬನ್ನಿ" ಎಂದು ಅವಳು ಎದ್ದು ಒಳಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅಳುಕುತ್ತಲೇ ಹೇಳಿದ:

"ಅವಳು ತುಸು ಕಠಿಣಳಾದಳು ಅನ್ನಿಸುತ್ತದೆ, ಗುರುಗಳೇ. ಅಷ್ಟು ದೂರ ಹೊತ್ತುಕೊಂಡು ಹೋಗಿದ್ದನಲ್ಲ. ಹೂವಿನ ವಿಷಯ ಪಾಪ, ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ."

"ಹೂವಿನ ವಿಷಯ ತಿಳಿದಿರಲಿಲ್ಲ, ನಿಜ. ಆದರೆ ಮುಳ್ಳು ಎಳೆದಿಟ್ಟಾಗ ಅದರ ಆಚೆ ಯಾರು ಮಲಗಿದ್ದಾರೆಂಬುದು ಅವರೆಲ್ಲರಿಗೂ ತಿಳಿದಿತ್ತು."