ನಡೆಯುತ್ತ ಹೇಳಿದ ವರದಿ

ಶಾಲಾಮಕ್ಕಳ ವ್ಯಾಯಾಮವನ್ನು ಕುರಿತು ಆರು ತಿಂಗಳು ಸಂಶೋಧನೆ ನಡೆಸಿದ ವಿದ್ಯಾಧಿಕಾರಿಗಳು ಕೊನೆಗೆ ಡ್ರಿಲ್ ಮೇಷ್ಟ್ರು ಚೆನ್ನಿಗಪ್ಪನವರ ಶಾಲೆಗೆ ಚಿತ್ತೈಸಿ, ವರದಿ ಬರೆದುಕೊಳ್ಳಲು ಅವರನ್ನೇ ಕೂರಿಸಿದರು.

“ಬರೆದುಕೊಳ್ಳಿ ಮೇಷ್ಟ್ರೇ: ಅಲುಗಾಡದೆ ಕುಳಿತ ಮಗುವೇ ಕಲಿಯುತ್ತದೆ. ಆದುದರಿಂದ ಆಟದ ಅವಧಿಯನ್ನು ರದ್ದುಪಡಿಸತಕ್ಕದ್ದು.”

ಹೊರಗೆ ಮಕ್ಕಳು ಕುಂಟೆಬಿಲ್ಲೆ ಆಡುತ್ತಿದ್ದರು. ಮೇಷ್ಟ್ರು ಒಮ್ಮೆ ಕಿಟಕಿಯತ್ತ ನೋಡಿ ಬರೆದುಕೊಂಡರು. ಅಧಿಕಾರಿಗಳು ಮಾತ್ರ ಕೋಣೆಯ ಉದ್ದಗಲ ಅಳೆಯುತ್ತ ಹೇಳುತ್ತಲೇ ಇದ್ದರು.

“ಸ್ವಾಮಿ, ಆಗಿನಿಂದ ತಿರುಗುತ್ತಲೇ ಇದ್ದೀರಿ. ಕುರ್ಚಿ ಹಾಕಲೇ?”

“ಬೇಡ ಮೇಷ್ಟ್ರೇ! ಕೂತರೆ ನನ್ನ ತಲೆಯೇ ಓಡದು. ನಾಲ್ಕು ಹೆಜ್ಜೆ ಹಾಕಿದರೇ ಮಾತು ಹೊಳೆಯುವುದು.”

ಮೇಷ್ಟ್ರು ಅದನ್ನೂ ವಿನಯದಿಂದ ಬರೆದು ಸಹಿಗೆ ಹಿಡಿದರು.

“ಇದೇನ್ರೀ ಇದು?”

“ತಮ್ಮ ಸ್ವಾನುಭವ, ಸ್ವಾಮಿ. ಅದಕ್ಕಿಂತ ಹಿರಿಯ ಪ್ರಮಾಣವುಂಟೇ?”

ಅಧಿಕಾರಿಗಳು ಮೊದಲು ಕೆಂಡವಾದರು, ಆಮೇಲೆ ಮೀಸೆಯೊಳಗೇ ನಕ್ಕರು. ಮೇಲಿನದನ್ನೆಲ್ಲ ಹೊಡೆದುಹಾಕಿ, ಕೊನೆಯ ಸಾಲಿನ ಕೆಳಗೆ ಸಹಿ ಹಾಕಿದರು.