ಮೇಜಿನ ಕೆಳಗಿನ ಕುಂಕುಮದ ಡಬ್ಬ

ನಮ್ಮೂರ ಹಾಲಿನ ಡೇರಿಯ ಕಂಪ್ಯೂಟರ್ ಹದಿನಾಲ್ಕು ವರ್ಷದಿಂದ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದರೊಳಗಿನ ಆಪರೇಟಿಂಗ್ ಸಿಸ್ಟಂ ಓಬೀರಾಯನ ಕಾಲದ್ದು. ಪ್ರತಿ ಆಯುಧಪೂಜೆಗೆ ಹಚ್ಚಿದ ಕುಂಕುಮ ಮೇಜಿನ ಕೆಳಗಿದ್ದ ಅದರ ಸಿಪಿಯು ಡಬ್ಬದ ಮೇಲೆ ರೊಟ್ಟಿ ದಪ್ಪಕ್ಕೆ ಕೂತಿತ್ತು.

ಹೊಸ ಮ್ಯಾನೇಜರ್ ಇನಾಮದಾರ ಸಾಹೇಬರಿಗೆ ಅದನ್ನು ಕಂಡರೇ ಹೇಸಿಗೆ.

“ನಾಳೆಯಿಂದ ಹೊಸ ಕಂಪ್ಯೂಟರ್ ಓಡಬೇಕು. ಒಂದು ನಿಮಿಷ ನಿಂತರೂ ನಿನ್ನ ಕೆಲಸ ಹೋತು ಅಂತ ತಿಳ್ಕೊ,” ಎಂದು ಗುಮಾಸ್ತೆ ದ್ಯಾಮವ್ವನಿಗೆ ಹೇಳಿ ಹೋದರು.

ಮರುದಿನ ಬೆಳಿಗ್ಗೆ ಜನ ಹಾಲಿನ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದಾಗಲೇ ಹೊಸದು, ‘ಅಪ್‌ಡೇಟ್ ಆಗುತ್ತಿದೆ, ಕಾಯಿರಿ’ ಎಂದು ಮಲಗಿಬಿಟ್ಟಿತು. ದ್ಯಾಮವ್ವ ಸದ್ದಿಲ್ಲದೆ ಹೊಸ ಸ್ಕ್ರೀನಿನ ವೈರನ್ನು ಮೇಜಿನ ಕೆಳಗಿನ ಹಳೇ ಡಬ್ಬಕ್ಕೆ ಸಿಕ್ಕಿಸಿದಳು.

ಮೂರು ತಿಂಗಳಾದ ಮೇಲೆ ಹಾಲು ಒಕ್ಕೂಟದ ಅಧ್ಯಕ್ಷರು ಡೇರಿ ನೋಡಲು ಬಂದರು. ಸಾಹೇಬರು ಸ್ಕ್ರೀನಿನ ಬೆನ್ನು ತಟ್ಟಿದರು.

“ಒಂದ್ ಸಲಾನೂ ನಿಂತಿಲ್ರಿ. ಹೊಸದರ ಗತ್ತೇ ಬ್ಯಾರೆ.”

ಅಷ್ಟರಲ್ಲಿ ಕುಂಕುಮದ ಡಬ್ಬ ಸಾಹೇಬರ ಕಾಲಿಗೆ ತಾಗಿತು.

“ಈ ದರಿದ್ರ ಇನ್ನೂ ಇಲ್ಲೇ ಐತೇನು? ಈಗಲೇ ಕಿತ್ತು ಒಗಿ.”

“ನಿಮ್ಮ ಮಾತು ಮೀರಾಕ ಆಗ್ತದೇನ್ರಿ,” ಎಂದು ದ್ಯಾಮವ್ವ ಪ್ಲಗ್ಗು ಕಿತ್ತಳು.

ಸಾಹೇಬರ ಹೊಸ ಸ್ಕ್ರೀನು ಕಪ್ಪಾಯಿತು. ತಟ್ಟುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಮುಖ ಹಾಲಿಗಿಂತ ಬೆಳ್ಳಗಾಗಿತ್ತು.

ಅಧ್ಯಕ್ಷರೇ ಕೇಳಿದರು, “ಹಂಗಾದರ ಹೊಸ ಕಂಪ್ಯೂಟರ್ ಎಲ್ಲೈತವ್ವ?”

ದ್ಯಾಮವ್ವ ಮೂಲೆಯತ್ತ ಕೈ ತೋರಿಸಿದಳು.

“ಅಲ್ಲಿ ಮಲಗೈತ್ರಿ. ಈ ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ತೀನ್ರಿ, ಅಷ್ಟರೊಳಗ ಎದ್ದರ.”